ಅಡಿಕೆ ಸಿಪ್ಪೆ ಬಡಿದ ಕಣ್ಣು

ಪ್ರಶ್ನೆ: ಡಾಕ್ಟ್ರೇ, ಅಡಿಕೆ ಸುಲಿಯುವಾಗ ನಮ್ಮನೆಯವರ ಕಣ್ಣಿಗೆ ಸಿಪ್ಪೆ ಚೂರು ಹಾರಿ ಐದು ದಿನ ಆಯಿತು. ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದೆವು, ಕೆಂಪು ಇಳಿಯಿತು. ಈಗ ಕರಿಗುಡ್ಡೆ ಮೇಲೆ ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ. ಸುಲಿಯೋದು ಮುಗಿಯಲಿ, ಆಮೇಲೆ ತೋರಿಸೋಣ ಅಂತಾರೆ. ಕಾಯಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ ಅಮ್ಮಾ, ಇವತ್ತೇ ಕಣ್ಣಾಸ್ಪತ್ರೆಗೆ ಹೊರಡಿ. ಆ ಬಾಟ್ಲಿಯನ್ನೂ ಒಯ್ಯಿರಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಬೂಷ್ಟು ಮಾತ್ರ ಆರಾಮಾಗಿ ಬೆಳೆಯುತ್ತದೆ. ಗಿಡ, ಸಿಪ್ಪೆ, ಭತ್ತದ ಗರಿ ತಾಗಿದ ಕಣ್ಣು ಅಂದರೆ ನಮಗೆ ಮೊದಲು ಬರುವ ಅನುಮಾನ ಈ ಬೂಷ್ಟಿನದ್ದೇ, ಅಂದರೆ ಶಿಲೀಂಧ್ರದ್ದೇ.

ಅಲ್ಲಿ ಕಣ್ಣಿಗೆ ಬಣ್ಣದ ಮದ್ದು ಹಾಕಿ ನೀಲಿ ಬೆಳಕು ಬಿಡುತ್ತಾರೆ, ಗಾಯ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಮರಗಟ್ಟಿಸಿ, ಹುಣ್ಣಿನ ಅಂಚನ್ನು ಚೂರೇ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ದಾರದ ಎಳೆಯಂಥದ್ದು ಕಂಡರೆ ಶಿಲೀಂಧ್ರ.

ಶಿಲೀಂಧ್ರದ ಮದ್ದಿನ ವಿಷಯ ಪಕ್ಕದಲ್ಲೇ ಪರೀಕ್ಷೆಯಾಗಿದೆ. ಮಧುರೈ ಮೊದಲಾದ ಕಡೆ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹಳೇ ನಟಾಮೈಸಿನ್ ಡ್ರಾಪ್ಸೇ ಹೊಸ ವೊರಿಕೊನಜೋಲ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಫ್ಯುಸೇರಿಯಂ ಜಾತಿಯ ಶಿಲೀಂಧ್ರವಾದರೆ ವ್ಯತ್ಯಾಸ ಇನ್ನೂ ಜಾಸ್ತಿ. ನಟಾಮೈಸಿನ್ ಹಾಲಿನಂತಿರುತ್ತದೆ, ಕುಲುಕಿಯೇ ಹಾಕಬೇಕು. ಶುರುವಿನಲ್ಲಿ ಗಂಟೆಗೊಮ್ಮೆ ಅಂದಾರು. ರಾತ್ರಿ ನೀವೇ ಏಳಬೇಕಾಗುತ್ತದೆ, ಅವರು ಎದ್ದ ಹಾಗೇ ಇದೆ!

ನಂದಿಬಟ್ಟಲು ರಸ ಮಾತ್ರ ಹಿಂಡಬೇಡಿ. ನನ್ನಜ್ಜಿಯೂ ಹಿಂಡುತ್ತಿದ್ದಳು, ಅದೂ ನನ್ನ ಕಣ್ಣಿಗೇ.