ಪ್ಯಾಂಗಾಂಗ್ ಸರೋವರಕ್ಕೆ ಮಕ್ಕಳೊಂದಿಗೆ: ಪ್ರತಿಕ್ರಿಯೆ

ನಮಸ್ಕಾರ. ಬೆಂಗಳೂರಿನಿಂದ ವಿಮಾನದಲ್ಲಿ ಲಡಾಖ್‌ನ ಲೇಹ್ ತಲುಪಿದ ಮರುದಿನವೇ, 5 ಮತ್ತು 9 ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗಿ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ರಾತ್ರಿ ತಂಗಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಲೇಹ್ ನಗರವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸರೋವರವಿರುವುದು 4,200 ಮೀಟರಿಗೂ ಮೇಲೆ, ಮತ್ತು ಅಲ್ಲಿಗೆ ಹೋಗುವ ರಸ್ತೆ 5,300 ಮೀಟರಿಗೂ ಎತ್ತರದ ಚಾಂಗ್ ಲಾ ಕಣಿವೆದಾರಿಯನ್ನು ಹತ್ತಿ ಇಳಿಯುತ್ತದೆ. ನಾವು ಹೋದಾಗ ಮಗಳ ಕೈಯಲ್ಲಿದ್ದ ಚಿಪ್ಸ್ ಪೊಟ್ಟಣ ಆ ಎತ್ತರದಲ್ಲಿ ಬಲೂನಿನಂತೆ ಉಬ್ಬಿಕೊಂಡಿತ್ತು. ಗಾಳಿಯ ಒತ್ತಡ ಎಷ್ಟು ಕಡಿಮೆಯೆಂಬುದು ನನಗೆ ಮನವರಿಕೆಯಾದದ್ದು ಆಗಲೇ.

ದೇಹ ಆ ತೆಳು ಗಾಳಿಗೆ ಹೊಂದಿಕೊಳ್ಳಲು ಲೇಹ್‌ನಲ್ಲಿ ಕನಿಷ್ಠ ಎರಡು ಪೂರ್ಣ ದಿನ ವಿಶ್ರಾಂತಿ ಪಡೆಯಿರಿ, ಮೂರಾದರೆ ಇನ್ನೂ ಒಳ್ಳೆಯದು. ಸಣ್ಣ ಮಕ್ಕಳಿಗೆ ತಲೆನೋವೆಂದು ಹೇಳಲು ಬಾರದಿರಬಹುದಾದ್ದರಿಂದ, ಊಟ ಬೇಡವೆನ್ನುವುದು, ಕಾರಣವಿಲ್ಲದ ರಂಪ, ವಾಂತಿ, ಆಟದಲ್ಲಿ ನಿರಾಸಕ್ತಿ ಇವುಗಳನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ, ಎತ್ತರದ ಕಾಯಿಲೆಯ (ತೆಳು ಗಾಳಿಯಲ್ಲಿ ಆಮ್ಲಜನಕ ಸಾಲದೆ ಬರುವ ತೊಂದರೆ) ಈ ಲಕ್ಷಣ ಇರುವಷ್ಟು ಕಾಲ ಮೇಲೇರಬೇಡಿ. ಹೆಚ್ಚಾದರೆ ತಡಮಾಡದೆ ಕೆಳಗಿಳಿಯಿರಿ. ಔಷಧದ ಬಗ್ಗೆ ಹೊರಡುವ ಮೊದಲೇ ಮಕ್ಕಳ ವೈದ್ಯರನ್ನು ವಿಚಾರಿಸಿ.

ದಂಡೆಯಲ್ಲಿ ತಂಗುವುದನ್ನು ಪ್ರವಾಸದ ಕೊನೆಗಿಟ್ಟುಕೊಳ್ಳಿ. ಚಾಂಗ್ ಲಾದಲ್ಲಿ ಫೋಟೊ ತೆಗೆದು ಕೂಡಲೇ ಹೊರಡಿ. ಬೇಸಿಗೆಯಲ್ಲೂ ರಾತ್ರಿ ಚಳಿ ಕೊರೆಯುತ್ತದೆ, ಆದ್ದರಿಂದ ಉಣ್ಣೆಯ ಟೋಪಿ, ಕೈಗವಸು ಬೇಕೇ ಬೇಕು. ನೀರಿನ ಬಣ್ಣ ನೀಲಿಯಿಂದ ಹಸಿರಿಗೆ ತಿರುಗುವುದನ್ನು ನೋಡುತ್ತಾ ಮಕ್ಕಳು ಗಂಟೆಗಟ್ಟಲೆ ಕೂರುತ್ತಾರೆ. ಆ ನೀರು ಉಪ್ಪೆಂದು ತಿಳಿದಾಗ ನಮ್ಮ ಮಗಳಿಗಾದ ಅಚ್ಚರಿ ನನಗಿನ್ನೂ ನೆನಪಿದೆ.