ಸಂಜೆ ಹೊತ್ತಿನ ಮಗುವಿಗೆ ಯಾವ ಲೆನ್ಸ್?

ಪ್ರಶ್ನೆ: ನನ್ನ ಹತ್ತಿರ ಫುಜಿಫಿಲ್ಮ್ ಎಕ್ಸ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾ ಇದೆ. ಅದರ ಜೊತೆ ಬಂದ 18-55 ಜೂಮ್ ಬಿಟ್ಟರೆ ಬೇರೆ ಲೆನ್ಸ್ ಇಲ್ಲ. ಮಗಳಿಗೆ ಒಂದೂವರೆ ವರ್ಷ. ತೆಗೆಯುವುದೆಲ್ಲ ಅವಳ ಫೋಟೋಗಳೇ, ಅದೂ ಸಂಜೆ ಮೇಲೆ, ಮನೆಯೊಳಗೆ. ಚಿಕ್ಕದೊಂದು ಪ್ರೈಮ್ ಲೆನ್ಸ್, ಅಂದರೆ ಜೂಮ್ ಆಗದ ಲೆನ್ಸ್, ಕೊಳ್ಳಬೇಕು. 27 ಎಂಎಂ ಎಫ್/2.8 ತಗೊಳ್ಳಲೋ, 23 ಎಂಎಂ ಎಫ್/2 ತಗೊಳ್ಳಲೋ?

ಉತ್ತರ: 23 ತಗೊಳ್ಳಿ.

ಎರಡನ್ನೂ ನಾನು ವರ್ಷಗಟ್ಟಲೆ ಬಳಸಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಪ್ರೀತಿ ಜಾಸ್ತಿ 27ರ ಮೇಲೆ. 2021ರಲ್ಲಿ ಬಂದ ಹೊಸ 27ರ ತೂಕ ಬರೀ 84 ಗ್ರಾಂ, ಉದ್ದ 23 ಮಿಲಿಮೀಟರ್. ಹಾಕಿದ್ದೇ ಮರೆತುಹೋಗುವಷ್ಟು ಹಗುರ. 23ರ ತೂಕ 180 ಗ್ರಾಂ. ಆದರೆ ನೀವು ಬರೆದಿರುವುದು ಸಂಜೆಯ ಬಗ್ಗೆ, ಓಡಾಡುವ ಮಗುವಿನ ಬಗ್ಗೆ. ಅಲ್ಲಿ ಬೇಕಾದದ್ದು ಬೆಳಕು.

ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಎಫ್/2ರಲ್ಲಿ ಎಫ್/2.8ಕ್ಕಿಂತ ಎರಡರಷ್ಟು ಬೆಳಕು ಒಳಗೆ ಬರುತ್ತದೆ. ಓಡುವ ಮಗು ಅಲುಗದಂತೆ ಬರಬೇಕಾದರೆ ಶಟರ್ ವೇಗ ಸೆಕೆಂಡಿನ 1/250 ಆದರೂ ಇರಬೇಕು. ಅದಕ್ಕೆ 27ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 6400 ಬೇಕಾದ ಕಡೆ 23ರಲ್ಲಿ 3200 ಸಾಕು. ಆ ವ್ಯತ್ಯಾಸ ಮಗುವಿನ ಕೆನ್ನೆಯ ಮೇಲೆ ಕಾಣಿಸುತ್ತದೆ, ಕಾಳುಕಾಳು ಕಡಿಮೆ. ಕ್ಯಾಮೆರಾದಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ನಂಬಿಕೊಳ್ಳಬೇಡಿ. ಅದು ನಿಮ್ಮ ಕೈ ನಡುಗಿದ್ದನ್ನು ಸರಿಮಾಡುತ್ತದೆ, ಮಗು ಓಡುವುದನ್ನಲ್ಲ.

ಇನ್ನೊಂದು ಮಾತು. 27 ಫೋಕಸ್ ಮಾಡುವಾಗ ಒಳಗಿನ ಗಾಜಿನ ಗುಂಪು ಪೂರ್ತಿ ಹಿಂದೆ ಮುಂದೆ ಸರಿಯುತ್ತದೆ, ಅದರ ಗುರ್ ಸದ್ದು ವಿಡಿಯೋದಲ್ಲೂ ಕೇಳಿಸುತ್ತದೆ. 23 ಹೆಚ್ಚುಕಡಿಮೆ ನಿಶ್ಶಬ್ದ, ವೇಗವೂ ಚೆನ್ನಾಗಿದೆ.

23ರಲ್ಲಿ ಒಂದು ಕೊರತೆ ಇದೆ, ಮೊದಲೇ ತಿಳಿದಿರಲಿ. ಒಮ್ಮೆ ಅಮ್ಮ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ತೀರಾ ಹತ್ತಿರ ಹೋಗಿ ಎಫ್/2ರಲ್ಲಿ ತೆಗೆದೆ. ಸೂಜಿಯ ಸುತ್ತ ತೆಳ್ಳಗೆ ಮಂಜು ಕಟ್ಟಿದ ಹಾಗೆ ಬಂತು. ಫೋಕಸ್ ತಪ್ಪಿತೇನೋ ಅಂದುಕೊಂಡು ಮತ್ತೆ ತೆಗೆದೆ, ಅದೇ ಕಥೆ. ಎಫ್/4ಕ್ಕೆ ತಿರುಗಿಸಿದ ಮೇಲೆ ಸೂಜಿಯ ಕಣ್ಣು, ದಾರದ ತುದಿಯಲ್ಲಿ ಬಿಚ್ಚಿಕೊಂಡ ಎಳೆ, ಅಮ್ಮನ ಹೆಬ್ಬೆರಳಿನ ಗೆರೆಗಳು, ಎಲ್ಲ ಕಡ್ಡಿ ಮುರಿದ ಹಾಗೆ ಸ್ಪಷ್ಟ. ಈ ಲೆನ್ಸ್ 22 ಸೆಂಟಿಮೀಟರ್‌ವರೆಗೆ ಫೋಕಸ್ ಮಾಡುತ್ತದೆ, 27 ನಿಲ್ಲುವುದು 34ಕ್ಕೆ. ಆದರೆ ಅಷ್ಟು ಹತ್ತಿರದಲ್ಲಿ 23ರ ಅಪರ್ಚರ್ ಪೂರ್ತಿ ತೆರೆದರೆ ಚಿತ್ರ ಮೆತ್ತಗಾಗುತ್ತದೆ. ಮಗುವಿನ ಪುಟ್ಟ ಬೆರಳುಗಳನ್ನು ತೆಗೆಯುವಾಗ ಎಫ್/4 ಇಡಿ. ಒಂದು ಮೀಟರ್ ದೂರದಿಂದ ತೆಗೆದರೆ ಎಫ್/2 ಧೈರ್ಯವಾಗಿ ಬಳಸಬಹುದು.

ಯಾವ ಲೆನ್ಸಿನ ನೋಟದ ಕೋನ ಹಿಡಿಸುತ್ತದೆ ಅನ್ನೋದಕ್ಕೆ ನನ್ನನ್ನು ಕೇಳಬೇಕಾಗಿಲ್ಲ. ನಿಮ್ಮ ಜೂಮ್‌ನಲ್ಲಿ 23 ಅಂತ ಗುರುತೇ ಇದೆ. ಒಂದು ವಾರ ರಿಂಗನ್ನು ಅಲ್ಲಿಟ್ಟು ಟೇಪ್ ಅಂಟಿಸಿಬಿಡಿ. ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಸಾಲುತ್ತಿಲ್ಲ ಅನಿಸಿದರೆ 27 ಇನ್ನೂ ಕಷ್ಟ, ಏಕೆಂದರೆ ಅದರ ನೋಟ 23ಕ್ಕಿಂತ ಕಿರಿದು.

ಮಗಳು ಕೈ ಬಿಡಿಸಿಕೊಂಡು ಹಗಲು ಬೆಳಕಿನಲ್ಲಿ ಹೊರಗೆ ಓಡಾಡಲು ಶುರು ಮಾಡಿದಾಗ ಇನ್ನೊಮ್ಮೆ ಬರೆಯಿರಿ. ಆಗ 27ರ ಮಾತಾಡೋಣ.