ಪಿಸಿಬಿಯ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್‌ನ) ಗ್ರೌಂಡ್ ಪ್ಲೇನ್‌ನಲ್ಲಿ, ಅಂದರೆ ಕರೆಂಟ್ ಮರಳುವ ಅಗಲವಾದ ತಾಮ್ರದ ಪದರದಲ್ಲಿ, ಸೀಳು ಇದ್ದರೆ ಅದರ ಮೇಲೆ ಹಾಯುವ ಸಿಗ್ನಲ್ ಏಕೆ ಕೆಡುತ್ತದೆ?

ಹೋದ ಕರೆಂಟ್ ಮರಳಿ ಬರುವ ದಾರಿಯನ್ನು ಆ ಸೀಳು ಕಡಿಯುವುದರಿಂದ. ಸಿಗ್ನಲ್‌ನ ಆವರ್ತನ ಕೆಲವು ನೂರು ಕಿಲೋಹರ್ಟ್ಸ್ ದಾಟಿದ ಮೇಲೆ ಮರಳುವ ಕರೆಂಟ್, ಇಂಡಕ್ಟೆನ್ಸ್ (ಕರೆಂಟ್‌ನ ಬದಲಾವಣೆಗೆ ಒಡ್ಡುವ ತಡೆ) ಅತಿ ಕಡಿಮೆ ಇರುವ ಕಡೆ, ಅಂದರೆ ಟ್ರೇಸ್‌ನ (ಸಿಗ್ನಲ್ ಸಾಗುವ ತಾಮ್ರದ ಗೆರೆಯ) ನೇರ ಕೆಳಗೇ ಪ್ಲೇನ್‌ನಲ್ಲಿ ಹರಿಯುತ್ತದೆ. ಅಲ್ಲಿ ತಾಮ್ರವಿಲ್ಲದಿದ್ದರೆ ಸೀಳನ್ನು ಸುತ್ತುಹಾಕಿ ಬರಬೇಕು. ಆ ದೊಡ್ಡ ಸುತ್ತು ಆಂಟೆನಾದಂತೆ ಗದ್ದಲ ಸೂಸುತ್ತದೆ. ಇಂಪಿಡೆನ್ಸ್ (ಸಿಗ್ನಲ್‌ಗೆ ಎದುರಾಗುವ ಒಟ್ಟು ತಡೆ) ಏರಿ ಸಿಗ್ನಲ್‌ನ ಒಂದಂಶ ಹಿಂದಕ್ಕೆ ಪುಟಿಯುತ್ತದೆ. ಅದೇ ಸೀಳು ದಾಟುವ ಪಕ್ಕದ ಟ್ರೇಸ್‌ಗೂ ಸೋರುತ್ತದೆ.

ಅನಲಾಗ್, ಡಿಜಿಟಲ್ ಎಂದು ಗ್ರೌಂಡ್ ಸೀಳುವುದು ಹಳೆಯ ಚಾಳಿ. ಬಹುಪಾಲು ಬೋರ್ಡ್‌ಗಳಿಗೆ ಅಖಂಡ ಪ್ಲೇನ್ ಇಟ್ಟು, ಎರಡೂ ಬಗೆಯ ಬಿಡಿಭಾಗಗಳನ್ನು ದೂರ ಕೂರಿಸಿದರೆ ಸಾಕು. ಸಾಲು ವಯಾಗಳ (ಪದರಗಳನ್ನು ಜೋಡಿಸುವ ಲೋಹಲೇಪಿತ ತೂತುಗಳ) ಸುತ್ತಲಿನ ತೆರಪುಗಳು ಕೂಡಿಕೊಂಡು ಗೊತ್ತಿಲ್ಲದೆಯೇ ಸೀಳಾಗುವುದುಂಟು. ಫ್ಯಾಬ್‌ಗೆ (ಬೋರ್ಡ್ ತಯಾರಿಸುವ ಕಾರ್ಖಾನೆಗೆ) ಕಳಿಸುವ ಮುನ್ನ ಗರ್ಬರ್ ಫೈಲಿನಲ್ಲಿ (ಬೋರ್ಡ್‌ನ ಪದರಗಳ ನಕ್ಷೆಯಲ್ಲಿ) ಗ್ರೌಂಡ್ ಲೇಯರ್ ಒಂದನ್ನೇ ತೆರೆದು ನೋಡಿ.